ಅಲ್ಲಿ ನೀರಿದೆಯಂತೆ!

ನಮ್ಮ ಕಡೆ ಬಾಡಿಗೆ ಮನೆ ನೋಡಲು ಹೋದ ಹೆಂಗಸು ಮೊದಲು ಕೇಳುವುದು ಬಾಡಿಗೆ ಎಷ್ಟೆಂದಲ್ಲ, ನೀರು ಹೇಗೆ ಎಂದು. ನಲ್ಲಿ ದಿನ ಬಿಟ್ಟು ದಿನವೋ ವಾರಕ್ಕೊಮ್ಮೆಯೋ, ಬೋರ್ ಇದೆಯೋ, ತೊಟ್ಟಿ ಎಷ್ಟು ದೊಡ್ಡದು, ಇಷ್ಟೆಲ್ಲ ತಿಳಿದ ಮೇಲೆಯೇ ಅಡಿಗೆಮನೆಗೆ ಬೆಳಕು ಬೀಳುತ್ತದೆಯೇ ಎಂದು ಇಣುಕುವುದು. ಟಿ.ಬಿ. ಡ್ಯಾಮಿನ ನೀರು ಕಣ್ಣಳತೆಯಲ್ಲೇ ಇದ್ದರೂ ನಮಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಆಕಾಶದಲ್ಲಿ ಇನ್ನೊಂದು ಭೂಮಿಯನ್ನು ಹುಡುಕುವ ವಿಜ್ಞಾನಿಗಳೂ ಮೊದಲು ಕೇಳುವುದು ಇದನ್ನೇ ಎಂದು ತಿಳಿದಾಗ ಅವರ ಮೇಲೆ ನನಗೆ ಒಂದು ಬಗೆಯ ಸಲುಗೆಯೇ ಬಂತು. ತನ್ನ ಸೂರ್ಯನಿಂದ ಎಷ್ಟು ದೂರದಲ್ಲಿದ್ದರೆ ನೀರು ಕುದಿದು ಆವಿಯಾಗದೆ, ಹೆಪ್ಪುಗಟ್ಟಿ ಕಲ್ಲಾಗದೆ, ನೀರಾಗಿಯೇ ನಿಂತೀತೋ ಆ ದೂರದಲ್ಲಿರುವ ಗ್ರಹವನ್ನು ಅವರು ‘ವಾಸಯೋಗ್ಯ’ವಿರಬಹುದು ಎನ್ನುತ್ತಾರೆ. ಅಲ್ಲಿ ಯಾರೋ ವಾಸವಾಗಿದ್ದಾರೆ ಎಂದು ಇದರ ಅರ್ಥವಲ್ಲ. ತೊಟ್ಟಿ ಇರಬಹುದಾದ ಜಾಗ ಸಿಕ್ಕಿದೆ ಎಂದಷ್ಟೇ. ತೊಟ್ಟಿ ಇದೆಯೋ, ಇದ್ದರೆ ಅದರಲ್ಲಿ ನೀರಿದೆಯೋ, ಅದು ಆಮೇಲಿನ ಮಾತು.

2025ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಇಂಥ ಒಂದು ಗ್ರಹದ ಸುದ್ದಿ ದೊಡ್ಡದಾಗಿ ಬಂತು. ಸಿಂಹ ರಾಶಿಯ ದಿಕ್ಕಿನಲ್ಲಿ, ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿರುವ ಅದಕ್ಕೆ ಕೆ2-18ಬಿ ಎಂದು ಹೆಸರು. ಅದರ ಗಾಳಿಯಲ್ಲಿ ಜೀವದ ಸುಳಿವು ಸಿಕ್ಕಿರಬಹುದು ಎಂದವರು ಕೇಂಬ್ರಿಜ್‌ನಲ್ಲಿರುವ ನಮ್ಮ ದೇಶದವರೇ ಆದ ನಿಕ್ಕು ಮಧುಸೂದನ್ ಮತ್ತು ಅವರ ಸಂಗಡಿಗರು. ಬೇಸಿಗೆ ರಜೆ ಮುಗಿಸಿ ಬಂದ ಹುಡುಗರು ಅದನ್ನೇ ಹಿಡಿದುಕೊಂಡರು. ಸಂಡೂರು ಕಡೆಯಿಂದ ಬಂದು ಇಲ್ಲಿ ಓದುತ್ತಿರುವ ಹುಡುಗನೊಬ್ಬ, “ಟೀಚರ್, ಈ ಭೂಮಿ ಕೆಟ್ಟೋದ್ರ ನಾವೆಲ್ಲ ಅಲ್ಲಿಗೆ ಹೋಗಬೌದಲ್ರೀ?” ಎಂದ. ನಾನು ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನ ಕಲಿಸುವವಳು. ವಿಜ್ಞಾನದ ಮೇಷ್ಟ್ರನ್ನು ಕೇಳು ಎಂದು ದಾಟಿಸಿಬಿಡಬಹುದಿತ್ತು. ಆದರೆ ಯಾವ ಸುದ್ದಿ ಬಂದರೂ ‘ಇದು ಮೊದಲ ಸಲವೇ?’ ಎಂದು ಹಿಂದಕ್ಕೆ ತಿರುಗಿ ನೋಡುವುದು ಚರಿತ್ರೆ ಓದಿದವರ ಚಟ. ತಿರುಗಿ ನೋಡಿದರೆ, ಬೇರೊಂದು ಸೂರ್ಯನ ಸುತ್ತ ಒಂದು ಗ್ರಹವಿದೆ ಎಂದು ಲೆಕ್ಕ ಹಾಕಿ ಮೊದಲು ಹೇಳಿದ್ದು ಅಮೆರಿಕದಲ್ಲೂ ಅಲ್ಲ, ಇಂಗ್ಲೆಂಡಿನಲ್ಲೂ ಅಲ್ಲ. 1855ರಲ್ಲಿ, ನಮ್ಮ ಮದ್ರಾಸಿನಲ್ಲಿ.

ನಮ್ಮ ಮದ್ರಾಸು ಎಂದದ್ದು ಬಾಯಿ ತಪ್ಪಿ ಅಲ್ಲ. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಸಂಡೂರು ಘೋರ್ಪಡೆಯವರ ಸಂಸ್ಥಾನ. ಹೊಸಪೇಟೆ, ಹಂಪಿ, ಕಂಪ್ಲಿಗಳ ಕಂದಾಯದ ಕಾಗದಗಳೆಲ್ಲ ಕೊನೆಗೆ ಹೋಗಿ ಸೇರುತ್ತಿದ್ದದ್ದು ಮದ್ರಾಸಿಗೆ. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದದ್ದು. ಮದ್ರಾಸಿನ ನುಂಗಂಬಾಕ್ಕಂನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಒಂದು ವೀಕ್ಷಣಾಲಯವಿತ್ತು. ವಿಲಿಯಂ ಪೆಟ್ರಿ ಎಂಬ ಅಧಿಕಾರಿ 1786ರಲ್ಲಿ ತನ್ನ ಸ್ವಂತ ಆಸಕ್ತಿಗೆಂದು ಶುರುಮಾಡಿದ್ದನ್ನು ಕಂಪನಿ ಆಮೇಲೆ ವಹಿಸಿಕೊಂಡು 1792ರಲ್ಲಿ ಕಟ್ಟಡ ಕಟ್ಟಿಸಿತು. ನಕ್ಷೆ, ಹಡಗು, ವ್ಯಾಪಾರ ಎಲ್ಲಕ್ಕೂ ಕಂಪನಿಗೆ ನಕ್ಷತ್ರಗಳ ಲೆಕ್ಕ ಬೇಕಿತ್ತು. ಜ್ಞಾನದ ಮೇಲಿನ ಪ್ರೀತಿಯೊಂದೇ ಕಾರಣವಲ್ಲ. ಮುಂದೆ ರೈಲು ಬಂದ ಮೇಲೆ 1905ರವರೆಗೂ ದೇಶದ ರೈಲುಗಳು ಓಡಿದ್ದು ಈ ವೀಕ್ಷಣಾಲಯ ಹೇಳಿದ ಮದ್ರಾಸ್ ಹೊತ್ತಿನ ಪ್ರಕಾರ. ಹೊಸಪೇಟೆ ಸ್ಟೇಷನ್ನಿನ ಗಡಿಯಾರವೂ ಅದಕ್ಕೇ ತಲೆಬಾಗಿತ್ತು.

1848ರಲ್ಲಿ ಅದರ ಮುಖ್ಯಸ್ಥರಾಗಿ ಬಂದವರು ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್. ವೃತ್ತಿಯಲ್ಲಿ ಎಂಜಿನಿಯರ್, ಆರೋಗ್ಯ ಅಷ್ಟಕ್ಕಷ್ಟೆ, ರಾತ್ರಿಯೆಲ್ಲ ಜೋಡಿ ನಕ್ಷತ್ರಗಳನ್ನು ಅಳೆಯುವ ಹುಚ್ಚು. ಉರಗಧರ, ಅಂದರೆ ಹಾವು ಹಿಡಿದವನು ಎಂಬ ನಕ್ಷತ್ರಪುಂಜದಲ್ಲಿ 70ನೇ ನಂಬರಿನ ಒಂದು ಚುಕ್ಕೆಯಿದೆ. ಬರಿಗಣ್ಣಿಗೆ ಒಂದು, ದೂರದರ್ಶಕದಲ್ಲಿ ಎರಡು. ಎರಡೂ ಒಂದನ್ನೊಂದು ಸುತ್ತಲು ಸುಮಾರು 88 ವರ್ಷ ಬೇಕು. ಹುಡುಗಿಯರಿಬ್ಬರು ಕೈ ಕೈ ಹಿಡಿದು ಫುಗಡಿ ಸುತ್ತುವುದನ್ನು ನೆನೆಸಿಕೊಳ್ಳಿ. ಕತ್ತಲಲ್ಲಿ ದೂರದಿಂದ ಅವರ ಬಿಳಿ ಲಂಗ ಮಾತ್ರ ಕಾಣುತ್ತಿದೆ. ಇಬ್ಬರಲ್ಲಿ ಒಬ್ಬಳು ಸುತ್ತುವಾಗ ಆಗಾಗ ಸ್ವಲ್ಪ ಓಲಾಡಿದರೆ, ಅವಳ ನಡು ಹಿಡಿದುಕೊಂಡು ಪುಟ್ಟ ತಂಗಿಯೊಬ್ಬಳೂ ಸುತ್ತುತ್ತಿರಬೇಕು ಎಂದು ನಾವು ಊಹಿಸುತ್ತೇವೆ. ತಂಗಿ ಕಾಣಬೇಕೆಂದಿಲ್ಲ, ಅಕ್ಕನ ಓಲಾಟ ಸಾಕು. ಜೇಕಬ್ ಲೆಕ್ಕ ಹಾಕಿದ ದಾರಿಗೂ ಆ ನಕ್ಷತ್ರ ಕಂಡ ಜಾಗಕ್ಕೂ ಹೀಗೆಯೇ ಸಣ್ಣ ಹೊಂದಾಣಿಕೆ ತಪ್ಪುತ್ತಿತ್ತು. ಕಾಣದ ಗ್ರಹವೊಂದು ಎಳೆಯುತ್ತಿರುವುದು ಬಹುಮಟ್ಟಿಗೆ ಸಂಭವ ಎಂದು 1855ರಲ್ಲಿ ಅವರು ಲಂಡನ್ನಿನ ರಾಯಲ್ ಆಸ್ಟ್ರಾನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು.

ಅವರು ಅಳೆದದ್ದು ಎಷ್ಟು ಸಣ್ಣದೆಂದರೆ, ನಮ್ಮ ಡ್ಯಾಮಿನ ಮೇಲೆ ನಿಂತು ಒಂದು ಕಿಲೋಮೀಟರ್ ಆಚೆ ಯಾರೋ ಹಿಡಿದ ಒಂದು ರೂಪಾಯಿ ನಾಣ್ಯವನ್ನು ನೋಡಿದರೆ ಅದು ಎಷ್ಟು ಅಗಲ ಕಂಡೀತೋ, ಆ ಎರಡು ನಕ್ಷತ್ರಗಳ ನಡುವಿನ ಅಂತರವೇ ಹೆಚ್ಚುಕಡಿಮೆ ಅಷ್ಟು. ಓಲಾಟವಂತೂ ಆ ನಾಣ್ಯದ ಅಂಚಿನ ಒಂದು ಚೂರು. ಅದನ್ನು ಮದ್ರಾಸಿನ ಸೆಕೆಯ ರಾತ್ರಿಯಲ್ಲಿ, ಅಲುಗಾಡುವ ಗಾಳಿಯ ಮೂಲಕ, ಕಣ್ಣಿನಿಂದಲೇ ಅಳೆಯಬೇಕು. ಫೋಟೋ ಇನ್ನೂ ಈ ಕೆಲಸಕ್ಕೆ ಬಂದಿರಲಿಲ್ಲ.

ಗ್ರಹ ನಿಲ್ಲಲಿಲ್ಲ. 1890ರ ದಶಕದಲ್ಲಿ ಅಮೆರಿಕದ ಟಿ.ಜೆ.ಜೆ. ಸೀ ಎಂಬವರು ಅದೇ ಜೋಡಿಯ ಹತ್ತಿರ ಕಾಣದ ಕಾಯವೊಂದು 36 ವರ್ಷಕ್ಕೊಮ್ಮೆ ಸುತ್ತುತ್ತಿದೆ ಎಂದು ಗಟ್ಟಿ ದನಿಯಲ್ಲಿ ಹೇಳಿದರು. 1899ರಲ್ಲಿ ಮೌಲ್ಟನ್ ಎಂಬ ಯುವಕ ಅಂಥ ಮೂವರು ಒಟ್ಟಿಗೆ ಹೆಚ್ಚು ಕಾಲ ಸುತ್ತಲಾರರು, ಚದುರಿಹೋಗುತ್ತಾರೆ ಎಂದು ಗಣಿತದಿಂದ ತೋರಿಸಿದ. ಸೀ ಸಿಟ್ಟಿನಿಂದ ಬರೆದ ಉತ್ತರ ನೋಡಿ ಪತ್ರಿಕೆಯವರು ಅವರಿಗೆ ಬಾಗಿಲನ್ನೇ ಮುಚ್ಚಿದರು. 1943ರಲ್ಲಿ ಅದೇ ನಕ್ಷತ್ರಕ್ಕೆ ಮತ್ತೆ ಗ್ರಹ ಸಿಕ್ಕಿತೆಂದು ಇನ್ನಿಬ್ಬರು ಹೇಳಿದರು. ಅದೂ ಬಿದ್ದುಹೋಯಿತು. ಅಳತೆಯಲ್ಲಿದ್ದ ಲೋಪವೇ ಓಲಾಟದಂತೆ ಕಂಡಿತ್ತು.

ನನಗಂತೂ ಜೇಕಬ್ ಮೇಲೆ ಗೌರವ ಕಡಿಮೆಯಾಗಲಿಲ್ಲ. ‘ಸಂಭವ’ ಎಂದರೇ ಹೊರತು ‘ಕಂಡೆ’ ಎನ್ನಲಿಲ್ಲ. ತಮ್ಮ ಅಂಕಿಗಳನ್ನೆಲ್ಲ ಅಚ್ಚು ಹಾಕಿಸಿದರು, ಬೇಕಾದವರು ತಿದ್ದಲಿ ಎಂದು. 1862ರಲ್ಲಿ ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಮೌಲ್ಟನ್ ಲೆಕ್ಕ ಬರುವಷ್ಟರಲ್ಲಿ ಅವರು ಹೋಗಿ ಮೂವತ್ತೇಳು ವರ್ಷವಾಗಿತ್ತು.

ಆ ವೀಕ್ಷಣಾಲಯದಲ್ಲಿ ರಾತ್ರಿ ನಿದ್ದೆಗೆಟ್ಟವರು ದೊರೆಗಳಷ್ಟೇ ಅಲ್ಲ. ಚಿಂತಾಮಣಿ ರಘುನಾಥಾಚಾರಿ ಎಂಬವರು 1840ರ ದಶಕದಲ್ಲೇ ಅಲ್ಲಿ ಕೆಲಸಕ್ಕೆ ಸೇರಿ, ಮುಂದೆ ಮೊದಲನೆಯ ಸಹಾಯಕರಾದರು. 1867ರಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಗುರುತಿಸಿದರು. ನನಗೆ ಅವರು ಹತ್ತಿರದವರೆನಿಸುವುದು ಬೇರೆ ಕಾರಣಕ್ಕೆ. 1874ರ ಡಿಸೆಂಬರ್ 9ರಂದು ಶುಕ್ರ ಗ್ರಹ ಸೂರ್ಯನ ಬಿಂಬದ ಮೇಲೆ ಹಾದುಹೋಗುವುದಿತ್ತು. ಅದು ಅಪಶಕುನವಲ್ಲ, ಒಂದು ಕಾಯ ಇನ್ನೊಂದಕ್ಕೆ ಅಡ್ಡ ಬರುವುದಷ್ಟೇ ಎಂದು ಜನರಿಗೆ ತಿಳಿಸಲು ಅವರು ಪುಸ್ತಿಕೆ ಬರೆದರು. ಸಿದ್ಧಾಂತಿಯೊಬ್ಬನಿಗೂ ಅವನ ಪರಿಚಿತರಿಗೂ ನಡೆಯುವ ಮಾತುಕತೆಯ ರೂಪ. ಅದು ಕನ್ನಡದಲ್ಲೂ ಅಚ್ಚಾಯಿತು. ಪಾಠ ಮಾಡುವವರಿಗೆ ಗೊತ್ತು, ಇಂಥದ್ದನ್ನು ಪ್ರಶ್ನೋತ್ತರದಲ್ಲಿ ಹೇಳಿದರೆ ಎಷ್ಟು ಬೇಗ ತಲೆಗೆ ಹೋಗುತ್ತದೆಂದು.

ಅದೇ ನೋಟ 2004ರ ಜೂನ್ 8ರಂದು ಮತ್ತೆ ಬಂತು. ನಾನಾಗ ಕಂಪ್ಲಿ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿದ್ದೆ. ಸೂರ್ಯನನ್ನು ನೇರ ನೋಡಬಾರದಲ್ಲ, ಯಾರದೋ ಬೈನಾಕ್ಯುಲರ್ ತಂದು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನೆರಳಿನಲ್ಲಿಟ್ಟ ಬಿಳಿ ಕಾಗದದ ಮೇಲೆ ಸೂರ್ಯನನ್ನು ಬೀಳಿಸಿದೆವು. ಅದರ ಮೇಲೆ ಕರಿಎಳ್ಳಿನಷ್ಟು ಒಂದು ಚುಕ್ಕೆ ತೆವಳುತ್ತಿತ್ತು. ಅಡಿಗೆಯಾಕೆ ಕೈ ಒರೆಸಿಕೊಂಡು ಬಂದು ನೋಡಿ, “ಇಷ್ಟು ಸಣ್ಣದಕ್ಕ ಇಷ್ಟು ದೊಡ್ಡ ಸುದ್ದಿಯಾ ಟೀಚರಮ್ಮ?” ಎಂದು ನಕ್ಕು ಒಲೆಯ ಕಡೆ ಹೋದರು.

ಇಂದು ದೂರದ ಗ್ರಹಗಳನ್ನು ಹುಡುಕುವುದು ಹೆಚ್ಚಾಗಿ ಈ ಎಳ್ಳಿನ ಉಪಾಯದಿಂದಲೇ. ನಕ್ಷತ್ರದ ಮುಂದೆ ಗ್ರಹ ಹಾದರೆ ಬೆಳಕು ಒಂದು ಕೂದಲೆಳೆಯಷ್ಟು ಕುಂದುತ್ತದೆ. ನಮ್ಮ ಭೂಮಿ ಸೂರ್ಯನ ಮುಂದೆ ಹಾದರೆ ದೂರದವರಿಗೆ ಕುಂದುವುದು ಸುಮಾರು 12,000ದಲ್ಲಿ ಒಂದು ಪಾಲು. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಅಷ್ಟನ್ನೂ ಹಿಡಿಯುವಷ್ಟು ಚುರುಕಾಗಿತ್ತು. ಜೇಕಬ್ಬರ ಓಲಾಟದ ಉಪಾಯವೂ ಸುಳ್ಳಾಗಲಿಲ್ಲ. ನಕ್ಷತ್ರ ಪಕ್ಕಕ್ಕೆ ಸರಿಯುವುದನ್ನು ಅಳೆಯುವ ಬದಲು, ಅದು ನಮ್ಮ ಕಡೆಗೆ ಬಂದು ಹಿಂದಕ್ಕೆ ಹೋಗುವುದನ್ನು ಅದರ ಬೆಳಕಿನ ಬಣ್ಣದಿಂದ ಹಿಡಿಯುವುದನ್ನು ಕಲಿತರು. 1995ರಲ್ಲಿ ಸ್ವಿಟ್ಜರ್ಲೆಂಡಿನ ಮೇಯರ್ ಮತ್ತು ಕೆಲೋ ಹೀಗೆಯೇ 51 ಪೆಗಾಸಿ ಎಂಬ ಸೂರ್ಯನಂಥ ನಕ್ಷತ್ರದ ಸುತ್ತ ಗ್ರಹ ಕಂಡರು. 2019ರಲ್ಲಿ ಅವರಿಗೆ ನೊಬೆಲ್ ಬಂತು. 2018ರಲ್ಲಿ ಅಹಮದಾಬಾದಿನ ವಿಜ್ಞಾನಿಗಳು ಮೌಂಟ್ ಅಬುವಿನಿಂದ ಒಂದು ಗ್ರಹದ ತೂಕ ಹಿಡಿದದ್ದೂ ಹೀಗೇ. ಅಂಥವು ಈಗ ಆರು ಸಾವಿರದಷ್ಟಿವೆ. ಬಹುಪಾಲು ಕಾದ ಹೆಂಚುಗಳು, ಇಲ್ಲವೇ ಬರೀ ಅನಿಲದ ಉಂಡೆಗಳು.

ಮದ್ರಾಸಿನ ಆ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕೆನಾಲಿಗೆ ಹೋಯಿತು. ಅದರ ವಂಶದ ಕುಡಿಯೇ ಈಗ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಹೀಗೆ ಮದ್ರಾಸಿನಿಂದ ನಾವೂ ಈಚೆ ಬಂದೆವು, ಜೇಕಬ್ಬರ ಮನೆತನವೂ ಈಚೆ ಬಂತು.

ಹೆಣ್ಣುಮಕ್ಕಳು ತಿಳಿದಿರಬೇಕಾದ ಒಂದು ಹೆಸರು ಈ ನಡುವೆ ಬರುತ್ತದೆ. 2019ರಲ್ಲಿ ಒಂದೊಂದು ದೇಶಕ್ಕೂ ಒಂದು ನಕ್ಷತ್ರ, ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಸಿಕ್ಕಿತು. ನಮ್ಮ ದೇಶದವರು ನಕ್ಷತ್ರಕ್ಕೆ ‘ಬಿಭಾ’ ಎಂದೂ ಗ್ರಹಕ್ಕೆ ‘ಸಂತಮಸ’ ಎಂದೂ ಹೆಸರಿಟ್ಟರು. ಬಿಭಾ ಚೌಧುರಿ (1913–1991) ಬಂಗಾಳದ ಭೌತವಿಜ್ಞಾನಿ. ಬೆಟ್ಟದ ನೆತ್ತಿಯಲ್ಲಿ ಫೋಟೋ ತಟ್ಟೆಗಳನ್ನಿಟ್ಟು ಆಕಾಶದಿಂದ ಬರುವ ಕಿರಣಗಳ ಜಾಡು ಹಿಡಿದವರು. ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಪ್ರಯೋಗಗಳಲ್ಲೂ ಇದ್ದರು. ಬದುಕಿದ್ದಾಗ ದೊಡ್ಡ ಗೌರವ ಯಾವುದೂ ಬರಲಿಲ್ಲ, ಸತ್ತ ಮೇಲೆ ಒಂದು ನಕ್ಷತ್ರ ಬಂತು. ಹೆಂಗಸರಿಗೆ ಮನ್ನಣೆ ಬರುವುದು ಎಷ್ಟು ದೂರದಿಂದ ನೋಡಿ!

ಇನ್ನು ಕೆ2-18ಬಿ. ಅದರ ತೂಕ ಭೂಮಿಯ ಎಂಟೂವರೆ ಪಟ್ಟಿಗೂ ಹೆಚ್ಚು. ಒಂದು ವರ್ಷವೆಂದರೆ 33 ದಿನ. ತಿಂಗಳಿಗೊಂದು ಯುಗಾದಿ, ತಿಂಗಳಿಗೊಮ್ಮೆ ಸುಣ್ಣ ಬಳಿದು ಹೋಳಿಗೆ ಮಾಡಬೇಕು. ನನಗಂತೂ ಆ ಊರು ಬೇಡ. ಜೇಮ್ಸ್ ವೆಬ್ ದೂರದರ್ಶಕ 2023ರಲ್ಲಿ ಅದರ ಗಾಳಿಯಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್ ತೋರಿಸಿತು. 2025ರಲ್ಲಿ ಹೇಳಿದ್ದು ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಸೋದರ ಅನಿಲದ ಬಗ್ಗೆ. ನಮ್ಮಲ್ಲಿ ಅದನ್ನು ಹೆಚ್ಚಾಗಿ ಬಿಡುವುದು ಕಡಲಿನ ಸೂಕ್ಷ್ಮಜೀವಿಗಳು. ಆದರೆ ಈ ಸುಳಿವಿನ ಬಲ ವಿಜ್ಞಾನಿಗಳು ಕಂಡುಹಿಡಿದೆವು ಎನ್ನಲು ಕೇಳುವಷ್ಟು ಇರಲಿಲ್ಲ. ಮಧುಸೂದನ್ ತಂಡವೇ ಹಾಗೆಂದು ಹೇಳಿತು. ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ಬೇರೆಯವರಿಗೆ ಆ ಸುಳಿವು ಕಾಣಲಿಲ್ಲ. ಅಲ್ಲಿ ಕಡಲಿದೆಯೆಂಬುದೇ ಇನ್ನೂ ವಾದದಲ್ಲಿದೆ. ನಮ್ಮ ಪತ್ರಿಕೆಗಳು ಮಾತ್ರ ‘ಇರಬಹುದು’ ಎಂಬ ಪದವನ್ನು ಅಚ್ಚುಮೊಳೆಗೆ ಬರಗಾಲ ಬಂದವರ ಹಾಗೆ ಬಿಟ್ಟುಬಿಟ್ಟವು.

ಆ ಹುಡುಗನ ಪ್ರಶ್ನೆಗೆ ಲೆಕ್ಕವನ್ನೇ ಹಾಕಿಸಿದೆ. ನಮಗೆ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, 4.2 ಜ್ಯೋತಿರ್ವರ್ಷ, 2016ರಲ್ಲಿ ಅದರ ಸುತ್ತಲೂ ವಾಸಯೋಗ್ಯವಿರಬಹುದಾದ ಗ್ರಹ ಸಿಕ್ಕಿದೆ. ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿರುವ ವಾಯೇಜರ್ ನೌಕೆಯ ವೇಗದಲ್ಲಿ ಅಲ್ಲಿಗೇ ಸುಮಾರು 75,000 ವರ್ಷ. ಕೆ2-18ಬಿಗೆ ಇಪ್ಪತ್ತು ಲಕ್ಷ ವರ್ಷಕ್ಕೂ ಮೀರಿ. ವಿಜಯನಗರ ಹುಟ್ಟಿ ಇನ್ನೂ ಏಳುನೂರು ವರ್ಷ ತುಂಬಿಲ್ಲ. ಹುಡುಗ ಸೊನ್ನೆಗಳನ್ನು ಎರಡು ಸಲ ಎಣಿಸಿ ಸುಮ್ಮನಾದ.

ಊರು ಬಿಟ್ಟು ಊರಿಗೆ ಹೋಗುವುದು ಏನೆಂದು ನಮ್ಮ ಭಾಗದವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಈ ಡ್ಯಾಮಿನ ನೀರಿನಡಿ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯವರು ಹೋಗಿ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಆಗ ಎಂಟು-ಹತ್ತು ವರ್ಷದವರಾಗಿದ್ದ ಒಬ್ಬ ಅಜ್ಜಿ ನನಗೆ ಹೇಳಿದ್ದರು: “ಬಾಗಿಲಾ, ಚೌಕಟ್ಟು, ತೊಲೆ ಎಲ್ಲ ಕಿತ್ತಿ ಬಂಡಿಮ್ಯಾಲೆ ಹಾಕ್ಕೊಂಡು ಬಂದ್ವಿ ನಮ್ಮವ್ವ. ಬಾವಿ ಎಂಗ ತರೋದು?” ಆ ಬಂಡಿಯ ದಾರಿ ಕೆಲವೇ ಮೈಲಿ. ಯಾರಿಗಾಗಿ ಅವರು ಬಾವಿ ಬಿಟ್ಟರೋ ಆ ಜಲಾಶಯದಲ್ಲೂ ಈಗ ಹೂಳು ತುಂಬಿ, 133 ಟಿ.ಎಂ.ಸಿ. ಹಿಡಿಯುತ್ತಿದ್ದದ್ದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ನೀರು ಕೊಚ್ಚಿಕೊಂಡು ಹೋಗುವಾಗ ನಮ್ಮ ಬೀದಿಯ ಹೆಂಗಸರು ನಿದ್ದೆ ಮಾಡಿರಲಿಲ್ಲ.

ಜೇಕಬ್ಬರ ಆ ಚುಕ್ಕೆಯನ್ನು ನೋಡಬೇಕೆನ್ನುವವರು ಮಳೆ ಹಿಂದಾದ ಅಕ್ಟೋಬರಿನಲ್ಲಿ, ಸಂಜೆ ಏಳರ ಹೊತ್ತಿಗೆ, ದೀಪಗಳಿಲ್ಲದ ಕಡೆ ನಿಂತು ಪಶ್ಚಿಮಕ್ಕೆ, ಹಿನ್ನೀರಿನ ಮೇಲೆ ನೋಡಬೇಕು. ಮಂಕಾಗಿ, ಆದರೆ ಬರಿಗಣ್ಣಿಗೇ ಕಾಣುತ್ತದೆ. ನಮ್ಮಿಂದ ಹದಿನಾರೂವರೆ ಜ್ಯೋತಿರ್ವರ್ಷ. ನನ್ನ ಹತ್ತನೇ ತರಗತಿಯ ಮಕ್ಕಳು ಹುಟ್ಟುವ ಹೊತ್ತಿಗೆ ಹೊರಟ ಬೆಳಕು ಈಗ ಬಂದು ತಲುಪುತ್ತಿದೆ. ಅದರ ಸುತ್ತ ಇದುವರೆಗೆ ಒಂದು ಗ್ರಹವೂ ಸಿಕ್ಕಿಲ್ಲ.