ಜೋಳದ ಹೊಲದಿಂದ ಮೀನಿನ ದಕ್ಕೆಗೆ

ಆಳಂದಕ್ಕೂ ಕಡಲಿಗೂ ಬಹಳ ದೂರ. ನಮ್ಮ ಕಡೆ ಹೊಳೆ ಎಂದರೆ ಅಮರ್ಜಾ. ಅದು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡಿಕೊಳ್ಳುತ್ತದೆ. ಆದರೂ ಕರಾವಳಿಯಲ್ಲಿ ಕಡಲ ವಿಜ್ಞಾನದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವಾಗ ನಾನು ಮೊದಲ ಪಾಠವನ್ನು ನಮ್ಮ ಎರೆ ಹೊಲದಿಂದಲೇ ಶುರು ಮಾಡುತ್ತಿದ್ದೆ. ನಮ್ಮ ದೇಶದಲ್ಲಿ ಕಡಲ ಮೀನಿನ ಲೆಕ್ಕ ಬೆಳೆದು ಬಂದ ದಾರಿಯೂ ಅದೇ.

ಹಿಂದೆ ಬೆಳೆಯ ಅಂದಾಜು ಆಣೆವಾರಿಯಲ್ಲಿ ನಡೆಯುತ್ತಿತ್ತು. ಹದಿನಾರಾಣೆ ಎಂದರೆ ತುಂಬಿದ ಬೆಳೆ, ಎಂಟಾಣೆ ಎಂದರೆ ಅರ್ಧ. ಬದುವಿನ ಮೇಲೆ ನಿಂತು ಕಣ್ಣಳತೆಯಲ್ಲಿ ಆಣೆ ಕಟ್ಟುವವರ ಅನುಭವ ದೊಡ್ಡದು. ಆದರೆ ಕಂದಾಯದ ಮಾಫಿ ಅದೇ ಆಣೆಗೆ ಅಂಟಿಕೊಂಡಿತ್ತು, ಹಾಗಾಗಿ ನೋಡುವ ಕಣ್ಣಿಗೂ ಒಂದು ಒಲವು ಇರುತ್ತಿತ್ತು.

1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ವಿ.ಜಿ. ಪಾನ್ಸೆ ಮತ್ತು ಪಿ.ವಿ. ಸುಖಾತ್ಮೆ ಇದಕ್ಕೆ ಬೇರೆ ದಾರಿ ತೋರಿದರು. ಯಾವ ಊರು, ಯಾವ ಸರ್ವೆ ನಂಬರು, ಹೊಲದ ಯಾವ ಜಾಗ ಎಂಬುದನ್ನೆಲ್ಲ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕ ಅಂಕಿಗಳಿಂದಲೇ ಗೊತ್ತುಮಾಡಬೇಕು. ಹೊಲದ ನೈಋತ್ಯ ಮೂಲೆಯಿಂದ ಹೆಜ್ಜೆ ಎಣಿಸಿ, ಗೂಟ ಹೊಡೆದು, ಹಗ್ಗ ಕಟ್ಟಿ, ಅದರೊಳಗಿನ ಬೆಳೆಯನ್ನಷ್ಟೇ ಕೊಯ್ದು ತೂಗಬೇಕು. ಮಾದನ ಹಿಪ್ಪರಗಾದ ಕಡೆ ಹಿಂಗಾರಿ ಜೋಳದ ಹೊಲದಲ್ಲಿ ಆ ಹಗ್ಗದ ಒಂದು ತುದಿ ಹಿಡಿದು ನಿಂತ ಹುಡುಗ ನಾನು. ತೆನೆ ತುಂಬಿದ ಜಾಗ ಪಕ್ಕದಲ್ಲೇ ಇದ್ದರೂ ಗ್ರಾಮ ಲೆಕ್ಕಿಗರು ಹಗ್ಗವನ್ನು ಅತ್ತ ಒಂದು ಗೇಣೂ ಸರಿಸುತ್ತಿರಲಿಲ್ಲ.

ಹಗ್ಗದೊಳಗಿನ ಆ ತುಣುಕು ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೂ ವಾದ ನಡೆಯಿತು. ಬಂಗಾಳದಲ್ಲಿ ಪಿ.ಸಿ. ಮಹಲನೋಬಿಸ್ ಸಣ್ಣ ತುಣುಕುಗಳನ್ನು ಬಳಸಿದ್ದರು. ತುಣುಕು ಸಣ್ಣದಾದಷ್ಟೂ ಅಂಚಿನ ಗಿಡಗಳು ಒಳಗೆ ಸೇರಿಕೊಂಡು ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂದು ಸುಖಾತ್ಮೆ ಆಕ್ಷೇಪ ಎತ್ತಿದರು. ಪಾನ್ಸೆ ಮತ್ತು ಸುಖಾತ್ಮೆ 1954ರಲ್ಲಿ ಕೃಷಿ ಸಂಶೋಧಕರಿಗಾಗಿ ಬರೆದ ಸಂಖ್ಯಾಶಾಸ್ತ್ರದ ಪುಸ್ತಕ ಹಲವು ತಲೆಮಾರುಗಳ ಕೈಪಿಡಿಯಾಯಿತು.

1958ರಲ್ಲಿ ಇದೇ ಇಬ್ಬರು, ಕೆ.ವಿ.ಆರ್. ಶಾಸ್ತ್ರಿಯವರೊಡನೆ ಸೇರಿ, ಭಾರತದ ಕಡಲ ಮೀನಿನ ಹಿಡಿತವನ್ನು ಮಾದರಿ ಸಮೀಕ್ಷೆಯಿಂದ ಅಂದಾಜಿಸುವ ಬಗೆಯನ್ನು ‘ಬಯೋಮೆಟ್ರಿಕ್ಸ್’ ಪತ್ರಿಕೆಯಲ್ಲಿ ಬರೆದರು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1947ರಲ್ಲೇ ಹುಟ್ಟಿತ್ತು. ಅಲ್ಲಿ ಈ ವಿಚಾರ ಪೂರ್ಣ ಪದ್ಧತಿಯಾಗಿ ಬೆಳೆಯಿತು. ಹೊಲ ಇದ್ದಲ್ಲೇ ಇರುತ್ತದೆ, ದೋಣಿ ಹೊತ್ತುಗೊತ್ತಿಲ್ಲದೆ ಬರುತ್ತದೆ. ಹಾಗಾಗಿ ಕರಾವಳಿಯನ್ನು ವಲಯಗಳಾಗಿ, ತಿಂಗಳನ್ನು ಹತ್ತು ದಿನಗಳ ಗುಂಪುಗಳಾಗಿ ಹಂಚಿದರು. ಮೀನು ಇಳಿಸುವ ಆಯ್ದ ದಕ್ಕೆಯಲ್ಲಿ ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6, ಮರುದಿನ ಬೆಳಿಗ್ಗೆ 6ರಿಂದ 12 ಗಂಟೆಯವರೆಗೆ ಎಣಿಕೆ; ನಡುವಿನ ರಾತ್ರಿ ಬಂದ ಮೀನಿನ ಲೆಕ್ಕ ವಿಚಾರಿಸಿ ಬರೆದುಕೊಳ್ಳುವುದು. ದೋಣಿ 15ರೊಳಗಿದ್ದರೆ ಎಲ್ಲವನ್ನೂ ನೋಡಬೇಕು, 50 ದಾಟಿದರೆ ಐದಕ್ಕೊಂದು.

ಎಷ್ಟು ಮೀನು ಬಂತು ಎಂಬುದಷ್ಟೇ ತಿಳಿದರೆ ಸಾಲದು ಎಂಬ ಪಾಠವನ್ನು ನಮ್ಮ ಕರಾವಳಿಯೇ ಕಲಿಸಿತು. ಊರಿಗೆ ಊರೇ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ ಬಂಗುಡೆ, ಭೂತಾಯಿಗಳಿಗೆ ಹೆಸರಾಗಿತ್ತು. 1970ರ ದಶಕದ ನಡುವಿನಲ್ಲಿ ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳು ಬಂದವು, ರಂಪಣಿ ಹಿಂದೆ ಸರಿಯಿತು. ಬಲೆಯೂ ದೋಣಿಯೂ ಬದಲಾದ ಮೇಲೆ ಎರಡು ಕಾಲದ ಟನ್ನುಗಳನ್ನು ನೇರವಾಗಿ ಹೋಲಿಸುವುದು ಹೇಗೆ? ಎಷ್ಟು ಶ್ರಮಕ್ಕೆ ಎಷ್ಟು ಮೀನು ಎಂದು ಕೇಳಲೇಬೇಕಾಯಿತು. ನಮ್ಮ ಬೆಚ್ಚಗಿನ ಕಡಲಿನ ಮೀನುಗಳಲ್ಲಿ ವಯಸ್ಸು ತೋರುವ ವಾರ್ಷಿಕ ಉಂಗುರಗಳು ಶೀತ ದೇಶಗಳ ಮೀನಿನಷ್ಟು ಸ್ಪಷ್ಟವಲ್ಲ. ಆದ್ದರಿಂದ ತಿಂಗಳು ತಿಂಗಳೂ ಮೀನಿನ ಉದ್ದ ಅಳೆದು, ಅದರಿಂದಲೇ ಬೆಳವಣಿಗೆ, ಸಾವಿನ ಪ್ರಮಾಣ ಕಂಡುಕೊಳ್ಳುವ ವಿಧಾನಗಳು 1980ರ ದಶಕದಲ್ಲಿ ಉಷ್ಣವಲಯದ ದೇಶಗಳಲ್ಲಿ ಹರಡಿದವು.

ಇಂದಿನ ವಿದ್ಯಾರ್ಥಿಗೆ ‘ಆರ್’ ಎಂಬ ಉಚಿತ ತಂತ್ರಾಂಶ ಕೈಯಲ್ಲಿದೆ. ಒಂದೇ ದಕ್ಕೆಗೆ ಒಂದೇ ದಿನ ಬಂದ ಹತ್ತು ದೋಣಿಗಳು ಹತ್ತು ಸ್ವತಂತ್ರ ಸಾಕ್ಷಿಗಳಲ್ಲ, ಅವೆಲ್ಲ ಅದೇ ಗಾಳಿ, ಅದೇ ನೀರು ಕಂಡವು. ಅದನ್ನು ಲೆಕ್ಕಕ್ಕೆ ತರುವುದು ಮಿಶ್ರ ಪರಿಣಾಮ ಮಾದರಿ. ಬಲೆ ಖಾಲಿ ಬಂದ ದಿನಗಳ ಸೊನ್ನೆಗಳಿಗೂ ಬೇರೆ ಮಾದರಿಗಳಿವೆ. ಇವನ್ನೆಲ್ಲ ಶ್ರದ್ಧೆಯಿಂದ ಕಲಿಯಬೇಕು. ಆದರೆ ಅನುಕೂಲ ನೋಡಿ ಆರಿಸಿದ ದೋಣಿಯ ಒಲವನ್ನು, ಅದು ಎಷ್ಟಿತ್ತೆಂದು ಗೊತ್ತಿಲ್ಲದಿದ್ದಾಗ, ಯಾವ ಮಾದರಿಯೂ ತೊಳೆಯಲಾರದು. ಸಣ್ಣ ಮೀನುಗಾರನ ಬದುಕನ್ನು ಮುಟ್ಟುವ ನಿರ್ಧಾರಗಳು ಈ ಅಂಕಿಗಳ ಮೇಲೆ ನಿಲ್ಲುತ್ತವೆ, ಆದ್ದರಿಂದ ಇಲ್ಲಿ ಸಡಿಲಿಕೆ ಸಲ್ಲದು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳು ಕಡಲ ವಿಜ್ಞಾನ ಕರಾವಳಿಯವರದು ಎಂದು ದೂರ ನಿಲ್ಲುವುದು ಬೇಡ. ಬೆಳೆ ಕಟಾವು ಪ್ರಯೋಗ ನಡೆಯುವ ಹೊಲ ಅವರ ಊರಲ್ಲೇ ಇದೆ. ಚೀಟಿ ತೋರಿದ ಜಾಗದಲ್ಲೇ ಗೂಟ ಹೊಡೆಯಬೇಕೇಕೆ ಎಂದು ಅಲ್ಲಿ ಮನಗಂಡವರಿಗೆ ಮಲ್ಪೆಯ ದಕ್ಕೆಯ ಲೆಕ್ಕ ಹೊಸದೆನಿಸುವುದಿಲ್ಲ.