ಚಿತ್ರದಲ್ಲಿರುವವರು ಆರ್ಮ್‌ಸ್ಟ್ರಾಂಗ್ ಅಲ್ಲ

ಬಿಳಿಯ ಅಂತರಿಕ್ಷ ಉಡುಪು, ಮುಖದ ಮುಂದೆ ಹೊನ್ನಿನ ಬಣ್ಣದ ಗಾಜು, ಕಾಲಡಿ ಬೂದು ಮಣ್ಣು. ಪಠ್ಯಪುಸ್ತಕ, ಕ್ಯಾಲೆಂಡರುಗಳಲ್ಲಿ ಮತ್ತೆ ಮತ್ತೆ ಅಚ್ಚಾದ ಈ ಚಿತ್ರವನ್ನು ತೋರಿಸಿ ಯಾರೆಂದು ಕೇಳಿದರೆ ‘ನೀಲ್ ಆರ್ಮ್‌ಸ್ಟ್ರಾಂಗ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ತಪ್ಪು. ಅವರು ಬಜ್ ಆಲ್ಡ್ರಿನ್. ಆರ್ಮ್‌ಸ್ಟ್ರಾಂಗ್ ಇರುವುದು ಆ ಗಾಜಿನಲ್ಲಿ ಮೂಡಿದ ಪುಟ್ಟ ಪ್ರತಿಬಿಂಬದಲ್ಲಿ. ಕ್ಯಾಮೆರಾ ಹೆಚ್ಚು ಹೊತ್ತು ಅವರ ಬಳಿಯೇ ಇತ್ತು. ಹಾಗಾಗಿ ಚಂದ್ರನ ಮೇಲೆ ಮೊದಲು ಕಾಲಿಟ್ಟವರ ಒಳ್ಳೆಯ ಸ್ಥಿರಚಿತ್ರವೇ ಇಲ್ಲವೆನ್ನಬಹುದು.

ದಿನಾಂಕದಲ್ಲೂ ಗೊಂದಲವುಂಟು. ಅವರು ಹೆಜ್ಜೆಯಿಟ್ಟಾಗ ಅಮೆರಿಕದಲ್ಲಿ 1969ರ ಜುಲೈ 20ರ ರಾತ್ರಿ, ನಮ್ಮಲ್ಲಿ 21ರ ಬೆಳಿಗ್ಗೆ 8 ಗಂಟೆ 26 ನಿಮಿಷ. ದೇಶದಲ್ಲಿ ಆಗ ಟೆಲಿವಿಷನ್ ಇದ್ದದ್ದು ದೆಹಲಿಯ ಆಸುಪಾಸಿನಲ್ಲಿ ಮಾತ್ರ. ಉಳಿದವರಿಗೆಲ್ಲ ರೇಡಿಯೊ ಮತ್ತು ಪತ್ರಿಕೆಗಳೇ ಗತಿ.

ಚಿತ್ರವನ್ನು ನಂಬಿದವರು ಎಡವಿದಂತೆ ನಂಬದವರೂ ಎಡವಿದ್ದಾರೆ. 1976ರಲ್ಲಿ ಬಿಲ್ ಕೇಸಿಂಗ್ ಎಂಬ ಅಮೆರಿಕನ್ನನ ಪುಸ್ತಕ ಇಡೀ ಯಾನವೇ ನಾಟಕವೆಂದು ಸಾರಿತು. ಗಾಳಿಯಿಲ್ಲದ ಕಡೆ ಬಾವುಟ ಅಲುಗಿದ್ದು ಹೇಗೆ ಎಂಬ ಪ್ರಶ್ನೆ ಇಂದಿಗೂ ಕೇಳಿಬರುತ್ತದೆ. ಬಾವುಟ ಜೋತುಬೀಳದಿರಲೆಂದೇ ಅದರ ಮೇಲಂಚಿನಲ್ಲಿ ಅಡ್ಡಕೋಲೊಂದನ್ನು ತೂರಿಸಲಾಗಿತ್ತು. ಆ ಕೋಲು ಪೂರ್ತಿ ಚಾಚಿಕೊಳ್ಳಲಿಲ್ಲ, ಬಟ್ಟೆ ನೆರಿಗೆಗಟ್ಟಿ ನಿಂತಿತು. ಅಲೆಯಂತೆ ಕಾಣುವುದು ಆ ನೆರಿಗೆ. ನಕ್ಷತ್ರಗಳು ಕಾಣದಿರುವುದಕ್ಕೆ ಕಾರಣ ಇನ್ನೂ ಸರಳ. ಬಿಸಿಲಿನಲ್ಲಿ ಬೆಳಗುವ ನೆಲಕ್ಕೆ ಹೊಂದಿಸಿದ ಕ್ಯಾಮೆರಾ ಕಣ್ಣು ತೆರೆಯುವುದು ಕ್ಷಣದ ಪುಟ್ಟ ಭಾಗ ಮಾತ್ರ. ಅಷ್ಟರಲ್ಲಿ ಮಂದ ನಕ್ಷತ್ರ ಮೂಡುವುದಿಲ್ಲ.

ಚಿತ್ರಗಳನ್ನು ಬದಿಗಿಡೋಣ. 1969ರಿಂದ 1972ರವರೆಗೆ 6 ಯಾನಗಳಲ್ಲಿ ಇಳಿದ 12 ಮಂದಿ ತಂದ ಕಲ್ಲುಮಣ್ಣು 382 ಕಿಲೋ. ಅದು ಅಮೆರಿಕದ ಕಪಾಟಿನಲ್ಲೇ ಉಳಿಯಲಿಲ್ಲ. ಹಲವು ದೇಶಗಳ ಪ್ರಯೋಗಾಲಯಗಳಿಗೆ ಹೋಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದೇವೇಂದ್ರ ಲಾಲ್ ಮತ್ತು ಸಂಗಡಿಗರು ಅದರ ಹರಳುಗಳಲ್ಲಿ ವಿಶ್ವಕಿರಣಗಳು ಕೊರೆದ ಗೀರುಗಳನ್ನು ಅಧ್ಯಯನ ಮಾಡಿದರು. ವಾತಾವರಣದ ಹೊದಿಕೆಯಿಲ್ಲದೆ ಲಕ್ಷಾಂತರ ವರ್ಷ ಬಯಲಲ್ಲಿ ಬಿದ್ದ ಕಲ್ಲಿಗಷ್ಟೇ ಅಂಥ ಗೀರು ಬೀಳುತ್ತದೆ. ಸಿನಿಮಾ ಸ್ಟುಡಿಯೋದಲ್ಲಿ ಅದನ್ನು ಮಾಡಲಾಗದು.

ಸೋವಿಯತ್ ಒಕ್ಕೂಟ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ಸಾಕ್ಷಿ. ಅದರ ಲೂನಾ–15 ಅದೇ ದಿನಗಳಲ್ಲಿ ಚಂದ್ರನನ್ನು ಸುತ್ತುತ್ತಿತ್ತು. ಜುಲೈ 21ರಂದು, ಅಮೆರಿಕನ್ನರು ಇನ್ನೂ ಅಲ್ಲಿರುವಾಗಲೇ, ಅದು ಚಂದ್ರನಿಗೆ ಅಪ್ಪಳಿಸಿ ನಾಶವಾಯಿತು. ಸೋತ ಎದುರಾಳಿಗೆ ಮೋಸ ಕಂಡಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿತ್ತೇ? ಇಸ್ರೋದ ಚಂದ್ರಯಾನ–2 ಕೂಡ ಅಪೊಲೊ–11 ಇಳಿದ ಜಾಗದ ಚಿತ್ರವನ್ನು 2021ರಲ್ಲಿ ತೆಗೆದಿದೆ. ನೌಕೆಯ ಕೆಳಭಾಗ ಇನ್ನೂ ಅಲ್ಲಿಯೇ ಇದೆ.

ನಾಸಾದ ತಪ್ಪೇ ಇಲ್ಲವೆಂದಲ್ಲ. ನೇರ ಪ್ರಸಾರದ ಮೂಲ ಟೇಪುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕೆಂದು ಅದು 2009ರಲ್ಲಿ ಒಪ್ಪಿಕೊಂಡಿತು. ಪಿತೂರಿಯಲ್ಲ, ಶುದ್ಧ ಅಜಾಗರೂಕತೆ.

ಈ ವಾದಗಳ ಗದ್ದಲದಲ್ಲಿ ಮರೆಯಾದದ್ದು ಆ ಇಬ್ಬರ ಜೀವಕ್ಕಿದ್ದ ಅಪಾಯ. ಅವರನ್ನು ಮೇಲೇರಿಸಲು ಇದ್ದದ್ದು ಒಂದೇ ಎಂಜಿನ್. ಅದು ಹೊತ್ತಿಕೊಳ್ಳದಿದ್ದರೆ ಮೇಲೆ ಸುತ್ತುತ್ತಿದ್ದ ಮೈಕೆಲ್ ಕಾಲಿನ್ಸ್ ಒಬ್ಬರೇ ಊರಿಗೆ ಮರಳಬೇಕಿತ್ತು. ಅವರಿಬ್ಬರು ಅಲ್ಲೇ ಉಳಿದರೆ ಅಧ್ಯಕ್ಷ ನಿಕ್ಸನ್ ಓದಬೇಕಾದ ಶೋಕಭಾಷಣವನ್ನು ವಿಲಿಯಂ ಸಫೈರ್ ಜುಲೈ 18ರಂದೇ ಬರೆದಿಟ್ಟಿದ್ದರು. ಹೊರಗಿನ ಎರಡೂವರೆ ಗಂಟೆಯ ಕೆಲಸ ಮುಗಿಸಿ ಒಳಬಂದಾಗ ಆಲ್ಡ್ರಿನ್ ಕಣ್ಣಿಗೆ ನೆಲದಲ್ಲಿ ಬಿದ್ದ ತುಂಡೊಂದು ಕಂಡಿತು. ಎಂಜಿನ್ನನ್ನು ಸಜ್ಜುಗೊಳಿಸುವ ಸ್ವಿಚ್ಚಿನ ತುದಿ ಮುರಿದಿತ್ತು. ಇಕ್ಕಟ್ಟಿನಲ್ಲಿ ಬೆನ್ನಿನ ಚೀಲ ತಗುಲಿರಬೇಕು. ವಿದ್ಯುತ್ತಿನ ಜಾಗಕ್ಕೆ ಬೆರಳು, ಲೋಹ ಬೇಡವೆಂದು ಅವರು ಜೇಬಿನಲ್ಲಿದ್ದ ಸ್ಕೆಚ್ ಪೆನ್ನನ್ನು ತೂರಿಸಿ ಒತ್ತಿದರು. ನಮ್ಮ ಗಡಿಯಾರದಲ್ಲಿ 21ರ ರಾತ್ರಿ 11 ಗಂಟೆ 24 ನಿಮಿಷಕ್ಕೆ ಎಂಜಿನ್ ಹೊತ್ತಿಕೊಂಡಿತು. ಅದರ ರಭಸಕ್ಕೆ ಆ ಬಾವುಟ ಉರುಳಿಬಿದ್ದದ್ದನ್ನು ಆಲ್ಡ್ರಿನ್ ಕಿಟಕಿಯಿಂದ ನೋಡಿದರು.