ಅಲ್ಪಾಯುಷಿಗಳಾದ ಕೆಲವು ವಾದ್ಯಮೇಳಗಳು

ಚರಿತ್ರೆಯೆಂಬುದು ಬಹುಕಾಲ ಬಾಳಿದುದರ ಕಥೆಯೆಂಬ ಭಾವನೆಯು ನಮ್ಮಲ್ಲಿ ಆಳವಾಗಿ ಬೇರೂರಿದೆ. ನಮ್ಮ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು 1902ರಲ್ಲಿಯೂ 1904ರಲ್ಲಿಯೂ ಎರಡು ಸಂಪುಟಗಳಾಗಿ ಪ್ರಕಟಿಸಿದರಷ್ಟೆ. ಕಲ್ಲಿನ ಮೇಲೆ ಕೊರೆದುದು ಅವರ ಕೈಗೆ ಸಿಕ್ಕಿತು. ಗಾಳಿಯಲ್ಲಿ ಹಾಡಿದುದು ಸಿಕ್ಕಲಿಲ್ಲ. ತಾಳಗುಂದದ ಸ್ತಂಭಶಾಸನವನ್ನು ರಚಿಸಿದ ಕುಬ್ಜಕವಿಯ ಹೆಸರನ್ನು ನಾವು ಬಲ್ಲೆವು. ಅವನ ಕಾಲದಲ್ಲಿ ಅದೇ ಊರಿನ ಗುಡಿಯ ಮುಂದೆ ಮದ್ದಳೆ ಬಾರಿಸಿದವನ ಹೆಸರನ್ನು ಬಲ್ಲವರಾರು? ನಾಟಕದ ಕಂಪೆನಿಗಳ ವಿಷಯವೂ ಹೀಗೆಯೇ. 1884ರಲ್ಲಿ ಹುಟ್ಟಿದ ಗುಬ್ಬಿಯ ಕಂಪೆನಿಯು ಬಹುಕಾಲ ಬಾಳಿತಾದುದರಿಂದ ಅದರ ಚರಿತ್ರೆಯು ಬಹಳ ಬರಹಗಾರರಿಗೆ ದೊರೆತಿದೆ. ಮಹಮದ್ ಪೀರರು 1937ರಲ್ಲಿ ಅಕಾಲ ಮರಣಕ್ಕೀಡಾದರು; ಅವರ ಚಂದ್ರಕಲಾ ನಾಟಕ ಮಂಡಳಿಯ ಹೆಸರನ್ನು ಈಗ ಮುದುಕರು ಮಾತ್ರ ನೆನೆಯುವರು. ಇನ್ನು ಒಂದೇ ಮಳೆಗಾಲದಲ್ಲಿ ಡೇರೆ ಹರಿದು, ಪರದೆಗಳನ್ನು ಸಾಲಗಾರರಿಗೆ ಒಪ್ಪಿಸಿ ಚದರಿಹೋದ ಮಂಡಳಿಗಳನ್ನು ಎಣಿಸಿದವರಿಲ್ಲ.

ಪ್ರಕೃತ ಲೇಖನದ ವಿಷಯವು ಇಂತಹ ಅಲ್ಪಾಯುಷಿಗಳೇ, ಆದರೆ ನಾಟಕದವರಲ್ಲ. ಬೆಂಗಳೂರಿನಲ್ಲಿ ಸುಮಾರು ಅರುವತ್ತು ವರ್ಷಗಳಿಂದ ಹುಟ್ಟುತ್ತಲೂ ಅಳಿಯುತ್ತಲೂ ಬಂದಿರುವ ಪಾಶ್ಚಾತ್ಯ ರೀತಿಯ ವಾದ್ಯಮೇಳಗಳು, ಅವುಗಳಲ್ಲಿಯೂ ವಿಶೇಷವಾಗಿ ‘ಹೆವಿ ಮೆಟಲ್’, ‘ಮೆಟಲ್‌ಕೋರ್’ ಎಂದು ಕರೆಯಿಸಿಕೊಳ್ಳುವ ಲೋಹಸಂಗೀತದ ತಂಡಗಳು. ಕಿವಿಗೆ ಹತ್ತಿಯಿಟ್ಟುಕೊಳ್ಳಬೇಕಾದ ಗದ್ದಲಕ್ಕೂ ಒಂದು ಚರಿತ್ರೆಯೇ ಎಂದು ಸ್ನೇಹಿತರೊಬ್ಬರು ನನ್ನನ್ನು ಕೇಳಿದರು. ಗದ್ದಲಕ್ಕೆ ಚರಿತ್ರೆಯಿಲ್ಲವೆಂದಾದರೆ ಮೂವತ್ತು ವರ್ಷಕಾಲ ಮಕ್ಕಳಿಗೆ ಯುದ್ಧಗಳ ತೇದಿಗಳನ್ನು ಬಾಯಿಪಾಠ ಮಾಡಿಸಿದ ನಾನು ಮಾಡಿದುದೇನು ಎಂದು ಉತ್ತರ ಕೊಟ್ಟೆನು. ನನ್ನಲ್ಲಿ ಅಮರಕೋಶ ಓದಿದ ಹುಡುಗರಲ್ಲಿ ಇಬ್ಬರು ಮೂವರು ಇಂಜಿನಿಯರಿಂಗ್ ಕಲಿಯಲು ಬೆಂಗಳೂರಿಗೆ ಹೋಗಿ ಇಂತಹ ಮೇಳಗಳಲ್ಲಿ ಸೇರಿದ್ದುಂಟು. ಅವರ ಮೂಲಕವೇ ಈ ಲೋಕದ ಪರಿಚಯವು ನನಗಾಯಿತು.

ಈ ಸಂಗೀತದ ಹುಟ್ಟನ್ನು ಹೇಳಬೇಕಾದರೆ ಭದ್ರಾವತಿಯವರಿಗೆ ಸುಲಭವಾಗಿ ತಿಳಿಯುವ ಮಾತೊಂದಿದೆ. ಕೆಮ್ಮಣ್ಣುಗುಂಡಿಯ ಅದುರಿನಿಂದ 1923ರಲ್ಲಿ ಬೀಡು ಕಬ್ಬಿಣವನ್ನು ಹರಿಯಿಸತೊಡಗಿದ ನಮ್ಮ ಕಾರ್ಖಾನೆಯಂತೆಯೇ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣವೂ ಲೋಹದ ಕೆಲಸದಿಂದ ಬದುಕಿದ ಊರು. ಅಲ್ಲಿ ಟೋನಿ ಐಯೋಮಿ ಎಂಬ ಹದಿನೇಳು ವರ್ಷದ ತರುಣನು ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡನು. ಅವನು ಎಡಗೈಯಿಂದ ಮೀಟುವವನಾದುದರಿಂದ ತಂತಿಯನ್ನೊತ್ತುವ ಬೆರಳುಗಳೇ ಹೋದಂತಾಯಿತು. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡನು. ತೆಳುವಾದ ತಂತಿಗಳನ್ನು ಹಾಕಿದನು. ಮುಂದೆ ಅವುಗಳ ಬಿಗುವನ್ನೂ ಇಳಿಸಿದನು. ಬಿಗುವು ಇಳಿದಂತೆ ಶ್ರುತಿಯೂ ಇಳಿದು, ನಾದವು ಮಂದ್ರಕ್ಕೆ ತಗ್ಗಿ, ಭಾರವಾಗಿ, ಭಯಂಕರವಾಗಿ ಕೇಳತೊಡಗಿತು. ಅವನ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲನೆಯ ಧ್ವನಿಮುದ್ರಿಕೆಯು 1970ರ ಫೆಬ್ರವರಿ 13ರಂದು ಹೊರಬಿತ್ತು. ಅದೇ ತಂಡವು ತನ್ನ ಕಡೆಯ ಕಚೇರಿಯನ್ನು ಹುಟ್ಟೂರಿನಲ್ಲಿಯೇ 2025ರ ಜುಲೈ 5ರಂದು ನಡೆಯಿಸಿತು. ಹದಿನೇಳು ದಿನಗಳ ತರುವಾಯ ಅದರ ಗಾಯಕ ಓಜಿ ಆಸ್ಬರ್ನ್ ತೀರಿಕೊಂಡನು.

ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರಗಳೆಂದು ನಾಲ್ಕಾಗಿ ವಿಂಗಡಿಸಿರುವುದು ಪ್ರಸಿದ್ಧವಾಗಿದೆ. ಗಿಟಾರು ತತ, ಡ್ರಮ್ಮು ಅವನದ್ಧ, ಕಂಚಿನ ತಟ್ಟೆಗಳು ಘನ. ಸುಷಿರವನ್ನು ಈ ಮೇಳದವರು ಬಿಟ್ಟಿರುವರು. ರಸವಿಚಾರಕ್ಕೆ ಬಂದರೆ ಶೃಂಗಾರಕ್ಕೆ ಇಲ್ಲಿ ಸ್ಥಳವು ಕಡಮೆ. ರೌದ್ರ, ಭಯಾನಕ, ಬೀಭತ್ಸಗಳದೇ ಆಳ್ವಿಕೆ. ರೌದ್ರದಿಂದ ಕರುಣವು ಹುಟ್ಟುವುದೆಂದು ಮುನಿಯು ಹೇಳಿರುವುದನ್ನು ಮಾತ್ರ ಇವರನ್ನು ಹಳಿಯುವವರು ಮರೆಯಬಾರದು. ಗಂಟಲನ್ನು ಒತ್ತಿ ಗುಡುಗುವ ಇವರ ಗಾಯನಕ್ರಮವು ಪೂರ್ತಿ ಅಪರಿಚಿತವೆಂದು ಹೇಳಲಾರೆನು. ಪರದೆಯ ಹಿಂದಿನಿಂದ ಬಣ್ಣದ ವೇಷದ ರಕ್ಕಸನು ಅಬ್ಬರಿಸಿದಾಗ ತಾಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಮಲೆನಾಡಿನ ಮಕ್ಕಳು ಆ ಸ್ವರವನ್ನು ಮೊದಲೇ ಕೇಳಿರುವರು.

ಮೆಟಲ್‌ಕೋರ್ ಎಂಬುದು ಇದರ ಈಚಿನ ಕವಲು. ಅಮೆರಿಕಾದ ಬಡಾವಣೆಗಳ ತರುಣರು ಎಂಬತ್ತರ ದಶಕದಲ್ಲಿ ಬೆಳೆಸಿದ ‘ಹಾರ್ಡ್‌ಕೋರ್’ ಎಂಬ ವೇಗವಾದ, ಸಿಟ್ಟಿನ, ಮೊಟಕಾದ ಹಾಡುಗಾರಿಕೆಯನ್ನೂ ಲೋಹಸಂಗೀತವನ್ನೂ ಬೆಸೆದು ತೊಂಬತ್ತರ ದಶಕದಲ್ಲಿ ಇದನ್ನು ರೂಪಿಸಿದರು. ದ್ರುತದಲ್ಲಿ ಓಡುತ್ತಿರುವ ಹಾಡು ನಡುವೆ ಹಠಾತ್ತಾಗಿ ವಿಲಂಬಕ್ಕಿಳಿದು, ಒಂದೊಂದು ಪೆಟ್ಟೂ ನೆಲವನ್ನು ಕುಟ್ಟಿದಂತೆ ಬೀಳುವ ಘಟ್ಟಕ್ಕೆ ‘ಬ್ರೇಕ್‌ಡೌನ್’ ಎಂದು ಹೆಸರು. ಲಯಜ್ಞಾನವಿಲ್ಲದೆ ಇದನ್ನು ಮಾಡಲಾಗದೆಂಬುದನ್ನು ಮೃದಂಗ ಬಲ್ಲವರು ಯಾರಾದರೂ ಒಪ್ಪುವರು.

ಇವೆಲ್ಲವೂ ಬೆಂಗಳೂರಿಗೆ ಬಂದುದು ಹೇಗೆ? 1809ರಿಂದ ಅಲ್ಲಿ ಬೇರೂರಿದ ದಂಡುಪ್ರದೇಶವೇ ಮೂಲ. ಪಟಾಲಮಿನ ಬ್ಯಾಂಡು, ಇಗರ್ಜಿಯ ವೃಂದಗಾನ, ಕ್ಲಬ್ಬುಗಳ ಕುಣಿತ, ಇಂಗ್ಲಿಷ್ ಶಾಲೆಗಳು, ಇವುಗಳ ನಡುವೆ ಬೆಳೆದವರಿಗೆ ಗಿಟಾರು ಪರದೇಶದ ವಸ್ತುವಾಗಿರಲಿಲ್ಲ. ಅರುವತ್ತರ ದಶಕದಲ್ಲಿ ಬಿದ್ದು ಅಪ್ಪಯ್ಯನೆಂಬ ಕೊಡವ ತರುಣನು ಗೆಳೆಯರೊಡನೆ ‘ಟ್ರೋಜನ್ಸ್’ ಎಂಬ ಮೇಳವನ್ನು ಕಟ್ಟಿ, ಬೊಂಬಾಯಿಯವರೆಗೂ ಹೋಗಿ ಹಾಡಿದನು. ಮೇಳವು ಮುರಿಯಿತು, ಬಿದ್ದುವು ಲಂಡನ್ನಿಗೆ ಹೋದನು. 1974ರಲ್ಲಿ ಲೋಕವನ್ನೆಲ್ಲಾ ಕುಣಿಸಿದ ‘ಕುಂಗ್ ಫೂ ಫೈಟಿಂಗ್’ ಎಂಬ ಹಾಡಿನ ನಿರ್ಮಾಪಕನು ಅವನೇ. ‘ಟ್ರೋಜನ್ಸ್’ ಎಂಬ ಹೆಸರನ್ನು ಈಗ ನೆನೆಯುವುದು ಅವನ ದೆಸೆಯಿಂದ. ಜೊತೆಗೆ ನಿಂತು ಬಾರಿಸಿದವರ ದೆಸೆಯಿಂದಲ್ಲ. 1970 ಮತ್ತು 1971ರಲ್ಲಿ ಸಿಮ್ಲಾ ಸಿಗರೇಟಿನವರು ದೇಶದ ತಂಡಗಳಿಗೆ ಸ್ಪರ್ಧೆಯೇರ್ಪಡಿಸಿ, ಆಯ್ದವುಗಳ ಹಾಡುಗಳನ್ನು ತಟ್ಟೆಗಳಲ್ಲಿ ಮುದ್ರಿಸಿದರು. ಬೆಂಗಳೂರಿನ ‘ಡೈನೊಸಾರ್ಸ್’ ತಂಡದ ಧ್ವನಿಯು ಉಳಿದಿರುವುದು ಈ ಕಾರಣದಿಂದ. ಹೊಗೆಸೊಪ್ಪಿನ ವ್ಯಾಪಾರಿಯು ಸರಸ್ವತಿಗೆ ಇಷ್ಟಾದರೂ ಸೇವೆ ಸಲ್ಲಿಸಿದನಲ್ಲಾ ಎಂದು ಸಮಾಧಾನಪಡಬೇಕು. ಅದೇ ದಶಕದ ‘ಹ್ಯೂಮನ್ ಬಾಂಡೇಜ್’ ಮೇಳದಲ್ಲಿ ಡ್ರಮ್ಮು ಬಾರಿಸುತ್ತಿದ್ದ ರಮೇಶ ಶೊಟ್ಟಂ ಅವರು ಮೇಳವು ಮುಗಿದ ಬಳಿಕ ನಮ್ಮ ದೇಶದ ತಾಳವಾದ್ಯಗಳ ಅಭ್ಯಾಸಕ್ಕೆ ತಿರುಗಿ, ಜರ್ಮನಿಯಲ್ಲಿ ನೆಲಸಿ ಹೆಸರಾದರು. ಮೇಳವು ಸತ್ತರೂ ವಾದಕನ ವಿದ್ಯೆಯು ಸಾಯಬೇಕಾದುದಿಲ್ಲ.

ಲೋಹಸಂಗೀತವೆಂದೇ ಹೇಳಬಹುದಾದ ತಂಡವು ಬೆಂಗಳೂರಿನಲ್ಲಿ ಎಂಬತ್ತರ ದಶಕದ ಕೊನೆಗೆ ಕಾಣಿಸಿಕೊಂಡಿತು: ವೆರ್ನನ್ ಇಬ್ರಾಹಿಂ ಅವರು ಹಾಡುತ್ತಿದ್ದ ‘ಮಿಲೆನಿಯಮ್’. ಅದರ ಹಿಂದೆಯೇ ತೊಂಬತ್ತರ ದಶಕದ ಆದಿಯಲ್ಲಿ ‘ಡೈಯಿಂಗ್ ಎಂಬ್ರೇಸ್’, 1998ರಲ್ಲಿ ‘ಕ್ರಿಪ್ಟಾಸ್’, ಅದರ ಆಸುಪಾಸಿನಲ್ಲಿ ‘ಥ್ರೆನಡಿ’, ‘ಮೈಂಡ್‌ಸ್ನೇರ್’ ಮೊದಲಾದುವು ಬಂದುವು. ಹೆಸರುಗಳ ಮೇಲೆ ವೈಯಾಕರಣನ ಕಣ್ಣು ಬೀಳದೆ ಇರದು. ಕ್ರಿಪ್ಟಾಸ್ ಎಂಬುದು ಗ್ರೀಕ್ ಭಾಷೆಯಲ್ಲಿ ‘ಗುಪ್ತವಾದುದು’. ಥ್ರೆನಡಿಯೆಂದರೆ ಸತ್ತವರಿಗೆ ಹಾಡುವ ಶೋಕಗೀತೆ. 2007ರಲ್ಲಿ ಹುಟ್ಟಿದ ‘ಇನ್ನರ್ ಸ್ಯಾಂಕ್ಟಮ್’ ಎಂಬುದನ್ನು ನಾವು ‘ಗರ್ಭಗೃಹ’ವೆನ್ನಬಹುದು. ಮೆಟಲ್‌ಕೋರ್ ಕವಲಿನಲ್ಲಿ ದೇಶದಲ್ಲೆಲ್ಲಾ ಹೆಸರುಗಳಿಸಿದ ಮುಂಬಯಿಯ ಎರಡು ತಂಡಗಳಲ್ಲಿ, 2003ರ ‘ಭಯಾನಕ್ ಮೌತ್’ ಎಂಬುದು ಭರತನ ರಸವನ್ನೂ ಅರಬ್ಬಿಯ ಮರಣವನ್ನೂ ಸಮಾಸ ಮಾಡಿದೆ. 2005ರ ‘ಸ್ಕ್ರೈಬ್’ ಎಂದರೆ ಲಿಪಿಕಾರ. ಚರಿತ್ರೆಯಿಲ್ಲದ ಮಂದಿಯ ಮೇಳಕ್ಕೆ ಬರೆಯುವವನ ಹೆಸರು!

ಇವುಗಳಲ್ಲಿ ಕ್ರಿಪ್ಟಾಸ್ ಒಂದು ದೀರ್ಘಾಯುವಾಗಿ, 2004ರಲ್ಲಿ ಮೊದಲನೆಯ ಸಂಕಲನವನ್ನು ತಂದು, 2013ರಲ್ಲಿ ಜರ್ಮನಿಯ ವಾಕೆನ್ ಗ್ರಾಮದ ಮಹೋತ್ಸವದಲ್ಲಿ ಹಾಡಿ, 2024ರಲ್ಲಿಯೂ ಹೊಸ ಸಂಕಲನವನ್ನು ಪ್ರಕಟಿಸಿದೆ. ಅದನ್ನು ಈ ಲೋಕದ ಗುಬ್ಬಿ ಕಂಪೆನಿಯೆನ್ನಬಹುದು. ಆದರೆ ಅಂತಹ ಒಂದರ ಸುತ್ತಲೂ ಎರಡು ಮೂರು ವರ್ಷಗಳಲ್ಲಿ ಅಳಿದುವು ಅನೇಕ. ಅವುಗಳ ಆಯುಸ್ಸು ಕಾಲೇಜಿನ ಆಯುಸ್ಸಿಗೆ ಕಟ್ಟುಬಿದ್ದಿತ್ತು. ಮೊದಲನೆಯ ವರ್ಷದಲ್ಲಿ ಜೊತೆಗಾರರನ್ನು ಹುಡುಕುವುದು; ಎರಡನೆಯದರಲ್ಲಿ ಅನ್ಯರ ಹಾಡುಗಳನ್ನು ಅಭ್ಯಸಿಸಿ ಕಾಲೇಜುಗಳ ಉತ್ಸವಗಳಲ್ಲಿ ಸ್ಪರ್ಧಿಸುವುದು; ಮೂರನೆಯದರಲ್ಲಿ ಸ್ವಂತ ಹಾಡು ನಾಲ್ಕೈದು ಕೂಡುವುದು; ನಾಲ್ಕನೆಯದರಲ್ಲಿ ಪರೀಕ್ಷೆ, ಕೆಲಸ, ಅಮೆರಿಕಾ. ಗಿಟಾರು ಹಿಡಿಯುವವರು ಬೀದಿಗೊಬ್ಬರು ದೊರೆಯುವರು. ಡ್ರಮ್ಮು ಬಾರಿಸುವವನು ದುರ್ಲಭ. ಅವನ ವಾದ್ಯವು ದುಬಾರಿ; ಅದನ್ನಿಡುವುದಕ್ಕೆ ಬಾಡಿಗೆಮನೆಯ ಯಜಮಾನನು ಒಪ್ಪನು. ಒಬ್ಬನೇ ಎರಡು ಮೂರು ಮೇಳಗಳಿಗೆ ಬಾರಿಸಿ, ಅವನು ಊರು ಬಿಟ್ಟರೆ ಅಷ್ಟೂ ಮೇಳಗಳು ಒಟ್ಟಿಗೆ ಮುಳುಗುವುದುಂಟು. ಗಂಟೆಗಿಷ್ಟೆಂದು ಬಾಡಿಗೆ ತೆತ್ತು ಅಭ್ಯಾಸದ ಕೋಣೆಗಳಲ್ಲಿ ಬೆವರಿದ ಈ ಹುಡುಗರಿಗೆ ಸಂಭಾವನೆಯೆಂಬುದು ಅಪರೂಪವಾಗಿತ್ತು.

ಸರ್ಕಾರದ ಕಡೆಯಿಂದಲೂ ಒಂದು ತೊಡಕು ಬಂದಿತು. ಮದ್ಯದಂಗಡಿಗಳಲ್ಲಿ ‘ಲೈವ್ ಬ್ಯಾಂಡ್’ ಎಂಬ ಹೆಸರಿನಿಂದ ನಡೆಯುತ್ತಿದ್ದ ಕುಣಿತಗಳನ್ನು ಹತೋಟಿಗೆ ತರಲು ಬೆಂಗಳೂರಿನ ಪೊಲೀಸರು 2005ರಲ್ಲಿ ಒಂದು ಪರವಾನಗಿಯ ಆಜ್ಞೆಯನ್ನು ಹೊರಡಿಸಿದರು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆಜ್ಞೆಯ ಉದ್ದೇಶವು ಬೇರೆ, ಪದವು ಒಂದೇ. ಗಿಟಾರು ಹಿಡಿದ ಬ್ಯಾಂಡಿನವನೂ ಅದೇ ಬಲೆಗೆ ಬಿದ್ದನು. ಶ್ಲೇಷಾಲಂಕಾರವು ಕಾವ್ಯದಲ್ಲಿ ಇಂಪು. ಕಾನೂನಿನಲ್ಲಿ ಎಷ್ಟು ಕೇಡು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ನನಗೆ ದೊರೆತಿಲ್ಲ. ಆದರೂ ಅದೇ ವರ್ಷಗಳಲ್ಲಿ ಅರಮನೆಯ ಮೈದಾನದಲ್ಲಿ ಮಹಾಸಭೆಗಳು ನೆರೆದುವು. 2007ರ ಮಾರ್ಚಿ 17ರಂದು ‘ಐರನ್ ಮೇಡನ್’, 2008ರಲ್ಲಿ ‘ಮೆಗಾಡೆತ್’, 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ಅಲ್ಲಿ ಹಾಡಿದುವು. ಮೆಟಾಲಿಕಾದವರ ದೆಹಲಿಯ ಕಡೆಯ ಕಚೇರಿಯು ಎರಡು ದಿನ ಮೊದಲು ರದ್ದಾಗಿ, ಜನರು ರೇಗಿ ವೇದಿಕೆಯ ಸಾಮಗ್ರಿಯನ್ನು ಮುರಿದಿದ್ದರು. ಬೆಂಗಳೂರಿನಲ್ಲಿ ಮಳೆಯಲ್ಲಿ ನೆನೆದ ಮೈದಾನದಲ್ಲಿಯೂ ಕಚೇರಿಯು ಸಾಂಗವಾಗಿ ನೆರವೇರಿತು. ನನ್ನ ಶಿಷ್ಯನೊಬ್ಬನು ಶಿವಮೊಗ್ಗದಿಂದ ರಾತ್ರಿಯ ರೈಲು ಹತ್ತಿ ಹೋಗಿಬಂದು, ವಾರವೆಲ್ಲಾ ಕಿವಿ ಕೇಳದೆ ಸಂತೋಷವಾಗಿದ್ದನು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಇವರು ಹಾಡಿದುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಇದು ಕರ್ನಾಟಕದ ಚರಿತ್ರೆಯಾಗುವುದು ಹೇಗೆ? ಆಕ್ಷೇಪವು ಹಗುರವಾದುದಲ್ಲ. ಆದರೆ ನಾಟಕದ ಚರಿತ್ರೆಯನ್ನು ಮರಳಿ ನೋಡಿರಿ. ಮರಾಠಿಯ ಮಂಡಳಿಗಳು ಉತ್ತರ ಕರ್ನಾಟಕವನ್ನೆಲ್ಲಾ ತುಂಬಿದ್ದ ಕಾಲದಲ್ಲಿ, ಗದಗಿನಲ್ಲಿ ಶಾಂತಕವಿಗಳು ಕನ್ನಡದ ಮಂಡಳಿಯನ್ನು ಕಟ್ಟಿದರು. ಅನ್ಯಭಾಷೆಯಲ್ಲಿ ಬಂದ ಕಲೆಯನ್ನು ಅವರು ಓಡಿಸಲಿಲ್ಲ, ಒಲಿಸಿಕೊಂಡರು. ಮೈಸೂರಿನ ರಘು ದೀಕ್ಷಿತರು ತೊಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ ‘ಅಂತರಾಗ್ನಿ’ಯು ಕೆಲವೇ ವರ್ಷಗಳಲ್ಲಿ ಚದರಿದರೂ, ಅದರ ಕಾವಿನಿಂದ ಹೊರಟ ಅವರ ಮುಂದಿನ ಮೇಳದಲ್ಲಿ ಶಿಶುನಾಳ ಷರೀಫರ ಪದಗಳು ಗಿಟಾರಿನೊಡನೆ ಪರದೇಶಗಳಿಗೂ ಹೋದುವು. ಲೋಹಸಂಗೀತದವರಿಗೆ ಅಂತಹ ಶಾಂತಕವಿಯೊಬ್ಬನು ಬೇಗನೆ ದೊರೆಯಲಿಲ್ಲವೆಂಬುದು ನನಗೆ ವ್ಯಸನದ ವಿಷಯವೇ. ಕುಮಾರವ್ಯಾಸನ ರಣರಂಗವನ್ನು ಓದಿ ಬೆಳೆದ ಭಾಷೆಗೆ ರೌದ್ರವನ್ನು ಇಂಗ್ಲಿಷಿನಿಂದ ಸಾಲ ತರಬೇಕಾದ ಬಡತನವಿಲ್ಲ.

ಒಂದು ಮೇಳವು ಹೆಸರಿನಲ್ಲಿಯಾದರೂ ಕನ್ನಡವನ್ನು ಬಚ್ಚಿಟ್ಟಿದೆ. 2012ರಲ್ಲಿ ಮೊದಲನೆಯ ಸಂಕಲನವನ್ನು ತಂದ ಬೆಂಗಳೂರಿನ ‘ಬೇವರ್ ಸೀ’ ಎಂಬುದನ್ನು ಇಂಗ್ಲಿಷಿನಲ್ಲಿ ಓದಿದರೆ ಯಾವುದೋ ಸಮುದ್ರ. ಕೂಡಿಸಿ ಓದಿದರೆ ನಮ್ಮ ಬೀದಿಯ ಬೈಗಳು. ಆ ಬೈಗಳ ಮೂಲವು ಪಾರಸಿಯ ‘ಬೇ’ ಎಂಬುದೂ ಅರಬ್ಬಿಯ ‘ವಾರಿಸ್’ ಎಂಬುದೂ ಕೂಡಿದ ಪದ, ವಾರಸುದಾರರಿಲ್ಲದುದು ಎಂದರ್ಥ. ಆ ತಂಡದವರು ನಗೆಗಾಗಿ ಇಟ್ಟುಕೊಂಡ ಹೆಸರು ಅವರಿಗಿಂತಲೂ ಅವರ ಹಿಂದಿನವರಿಗೆ ಹೆಚ್ಚು ಒಪ್ಪುತ್ತದೆ.

ಏಕೆಂದರೆ ಆ ಹಿಂದಿನವರ ಸ್ವತ್ತೆಲ್ಲಾ ಕ್ಯಾಸೆಟ್ಟುಗಳಲ್ಲಿದೆ. ಕ್ಯಾಸೆಟ್ಟಿನ ಕಂದುಬಣ್ಣದ ಲೇಪವು ಕಬ್ಬಿಣದ ಆಕ್ಸೈಡ್, ಎಂದರೆ ಒಂದು ಬಗೆಯ ತುಕ್ಕು. ಕೆಮ್ಮಣ್ಣುಗುಂಡಿಯ ಮಣ್ಣಿಗೆ ಕೆಂಪು ಕೊಟ್ಟಿರುವ ವಸ್ತುವೇ. ಅದನ್ನು ಪಟ್ಟಿಗೆ ಅಂಟಿಸಿದ ಅಂಟು ತೇವದಲ್ಲಿ ಸಡಿಲುವುದು. ಮಲೆನಾಡಿನ ಆಷಾಢದಲ್ಲಿ ಬೂಷ್ಟು ಹಿಡಿಯುವುದು. ಕಳೆದ ವರ್ಷ ಹಳೆಯ ಶಿಷ್ಯನೊಬ್ಬನು ತಂದುಕೊಟ್ಟ ಪಟ್ಟಿಯಲ್ಲಿ ಮೂರು ಹಾಡುಗಳಿದ್ದುವು. ಎರಡನ್ನು ಮಾತ್ರ ಕೇಳಲು ಸಾಧ್ಯವಾಯಿತು. ಮೂರನೆಯದು ತೆರೆಯ ಮೊರೆತದಂತೆ ಕೇಳಿತು. ಅದರ ಮಾತುಗಳು ಅವನಿಗೂ ಮರೆತುಹೋಗಿದ್ದುವು. ಬರೆದವನು ಈಗ ಕೆನಡಾದಲ್ಲಿರುವನಂತೆ. ನಮ್ಮ ಜಿಲ್ಲೆಯ ಮನೆಗಳ ಅಟ್ಟಗಳಲ್ಲಿ, ಊರು ಬಿಟ್ಟ ಮಕ್ಕಳ ಪೆಟ್ಟಿಗೆಗಳಲ್ಲಿ ಇಂತಹ ಕ್ಯಾಸೆಟ್ಟುಗಳೂ ಕರಪತ್ರಗಳೂ ಇರಬಹುದು. ಇರುವವರು ಅವನ್ನು ಒಣಗಿದ ಸ್ಥಳದಲ್ಲಿರಿಸಿ, ಮೇಳದ ಹೆಸರು, ಹಾಡಿದ ವರ್ಷ, ಬಾರಿಸಿದವರ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದು ಜೊತೆಗಿಡಬೇಕು. ಪತ್ರಿಕೆಯ ಕಚೇರಿಗೆ ತಿಳಿಸಿದರೆ, ಪಟ್ಟಿಯನ್ನು ಬಿಚ್ಚಿ ಪ್ರತಿ ತೆಗೆಯಬಲ್ಲ ಹುಡುಗರಿಬ್ಬರನ್ನು ಮಳೆಗಾಲಕ್ಕೆ ಮೊದಲು ಮನೆಗೆ ಕಳುಹಿಸಿಕೊಡುವೆನು.